ಬೇಸ್‌ಬಾಲ್ ಸ್ಕೋರ್ ಬರೆಯಲು ಪುಸ್ತಕ ಒಳ್ಳೆಯದಾ, ಆ್ಯಪ್ ಒಳ್ಳೆಯದಾ?

ಟೀವಿಯಲ್ಲಿ ಬೇಸ್‌ಬಾಲ್ ನೋಡುತ್ತಾ ಸ್ಕೋರ್ ಬರೆದಿಡುವ ಹುಚ್ಚು ಇರುವವರಿಗೆ ಈಗ ಮೂರು ದಾರಿಗಳಿವೆ. ಅಚ್ಚಾಗಿ ಬರುವ ಸ್ಪೈರಲ್ ಸ್ಕೋರ್‌ಬುಕ್, ಫೋನಿನ ಆ್ಯಪ್, ಸ್ಪ್ರೆಡ್‌ಶೀಟ್‌ನಲ್ಲಿ ನಾವೇ ಗೆರೆ ಹಾಕಿ ಪ್ರಿಂಟ್ ತೆಗೆಯುವ ಹಾಳೆ. 2025ರ ಸೀಸನ್‌ನಲ್ಲಿ ಮೂರನ್ನೂ ಬಳಸಿ ನೋಡಿದೆ. ನನ್ನ ಮತ ಸ್ಕೋರ್‌ಬುಕ್‌ಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದ್ದೆ. ಇನ್ನು ಕಟ್ಟುವುದಿಲ್ಲ.

ನಾನು ಬರೆಯುವುದು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಪಂದ್ಯಗಳನ್ನು. ನೋಡಿದ ಪ್ರತಿ ಪಂದ್ಯಕ್ಕೂ ಒಂದು ದಾಖಲೆ ಇರಬೇಕು, ಸೀಸನ್ ಮುಗಿದ ಮೇಲೆ ಎಲ್ಲವೂ ಒಂದು ಕಡೆ ಸಿಗಬೇಕು, ಅಷ್ಟೇ ನನ್ನ ಪ್ರಾಜೆಕ್ಟ್. ಬ್ಯಾಟಿಂಗ್ ಸರಾಸರಿ, ಚೆಂಡು ಎಸೆಯುವ ಪಿಚರ್‌ನ ಲೆಕ್ಕ ಎಲ್ಲ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದಕ್ಕಾಗಿ ನಾನು ಬರೆಯುತ್ತಿಲ್ಲ. ಬರೆಯುತ್ತಾ ನೋಡಿದರೆ ಆಟ ಬೇರೆಯೇ ಥರ ಕಾಣುತ್ತದೆ. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಎರಡನೇ ಇನ್ನಿಂಗ್ಸ್‌ನಲ್ಲಿ ಹೊರಗಿನ ಚೆಂಡಿಗೆ ಬ್ಯಾಟ್ ಬೀಸಿ ಔಟಾದವರು ಏಳನೆಯದರಲ್ಲಿ ಅಂಥದ್ದನ್ನೇ ಬಿಟ್ಟರೆ ಅದು ಕಣ್ಣಿಗೆ ಬೀಳುತ್ತದೆ. ಯಾಕೆಂದರೆ ಹಿಂದಿನದನ್ನು ನಮ್ಮ ಕೈಯೇ ಬರೆದಿರುತ್ತದೆ.

ಕ್ರಿಕೆಟ್ ಸ್ಕೋರ್‌ಬುಕ್ ಬರೆದು ಅಭ್ಯಾಸ ಇರುವವರಿಗೆ ಇದು ಕಷ್ಟ ಅಲ್ಲ. ಒಬ್ಬ ಬ್ಯಾಟರ್‌ಗೆ ಒಂದು ಸಾಲು, ಒಂದು ಇನ್ನಿಂಗ್ಸ್‌ಗೆ ಒಂದು ಕಾಲಂ, ಎರಡೂ ಸೇರುವ ಚೌಕದಲ್ಲಿ ನಾಲ್ಕು ಬೇಸ್‌ಗಳನ್ನು ತೋರಿಸುವ ಸಣ್ಣ ಡೈಮಂಡ್. ಫೀಲ್ಡರ್‌ಗಳಿಗೆ ಹೆಸರಿನ ಬದಲು ನಂಬರ್. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಹೀಗೆ ರೈಟ್ ಫೀಲ್ಡ್ 9ರವರೆಗೆ. ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಮಾತ್ರ 6, ಥರ್ಡ್ ಬೇಸ್ 5. ಹಾಗಾಗಿ 6-4-3 ಎಂದು ಬರೆದರೆ ಚೆಂಡು ಶಾರ್ಟ್‌ಸ್ಟಾಪ್ ಕೈಯಿಂದ ಸೆಕೆಂಡ್‌ಗೆ, ಅಲ್ಲಿಂದ ಫಸ್ಟ್‌ಗೆ ಹೋಯಿತು, ಇಬ್ಬರು ಔಟಾದರು ಎಂದು ಅರ್ಥ. ಇಂಥ ದಾಖಲೆ ಪದ್ಧತಿ 19ನೇ ಶತಮಾನದಿಂದ ಇದೆ. ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿಗಳ ಪಟ್ಟಿ, ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡ್‌ನಲ್ಲಿ ಹುಟ್ಟಿದವರು, ಅಮೆರಿಕದಲ್ಲಿ ಪತ್ರಕರ್ತರಾಗಿದ್ದವರು.

ಆ್ಯಪ್‌ನಲ್ಲಿ ಒಳ್ಳೆಯದೂ ಇದೆ. ಮೊತ್ತ ತಾನೇ ಕೂಡಿಕೊಳ್ಳುತ್ತದೆ. ಪಿಚರ್ ಎಷ್ಟು ಚೆಂಡು ಎಸೆದರು ಎಂದು ತಾನೇ ಎಣಿಸುತ್ತದೆ. ಕೈಬರಹ ಚೆನ್ನಾಗಿಲ್ಲದವರಿಗೆ ಅನುಕೂಲ. ನನ್ನನ್ನು ಸೋಲಿಸಿದ್ದು ಒಂದೇ ಒಂದು ತೊಡಕು. ಆ ತೊಡಕಿನ ಹೆಸರು ಶೋಹೇ ಒಹ್ತಾನಿ, ಪಿಚಿಂಗ್ ಬ್ಯಾಟಿಂಗ್ ಎರಡನ್ನೂ ಮಾಡುವ ಡಾಡ್ಜರ್ಸ್ ಆಟಗಾರ.

ನಿಯಮ ಹೀಗಿದೆ. 2022ರಿಂದ ಮೇಜರ್ ಲೀಗ್‌ನ ಎರಡೂ ವಿಭಾಗಗಳಲ್ಲಿ, ಅಂದರೆ ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳಲ್ಲಿ, ಪಿಚರ್ ಬದಲು ಬ್ಯಾಟ್ ಮಾಡಲು ಬೇರೊಬ್ಬರು ಇರುತ್ತಾರೆ, ಅವರೇ ಡೆಸಿಗ್ನೇಟೆಡ್ ಹಿಟರ್ (ಡಿಎಚ್). ಅದೇ ವರ್ಷ ಇನ್ನೊಂದು ನಿಯಮವೂ ಬಂತು. ಪಂದ್ಯ ಶುರು ಮಾಡುವ ಪಿಚರ್ ತಾನೇ ಡೆಸಿಗ್ನೇಟೆಡ್ ಹಿಟರ್ ಕೂಡ ಆಗಬಹುದು. ಆಗ ನಿಯಮದ ಲೆಕ್ಕದಲ್ಲಿ ಅವರು ಇಬ್ಬರು ಆಟಗಾರರು ಇದ್ದಂತೆ. ಪಿಚಿಂಗ್ ಬಿಟ್ಟರೂ ಬ್ಯಾಟಿಂಗ್ ಮುಂದುವರಿಸಬಹುದು. ಎಲ್ಲರೂ ಇದನ್ನು ಒಹ್ತಾನಿ ನಿಯಮ ಎಂದೇ ಕರೆಯುತ್ತಾರೆ. ಅವರು ಗಾಯದ ಕಾರಣ 2024ರಲ್ಲಿ ಪಿಚಿಂಗ್ ಮಾಡಲಿಲ್ಲ. 2025ರ ಜೂನ್‌ನಲ್ಲಿ ಡಾಡ್ಜರ್ಸ್ ಪರ ಮತ್ತೆ ಶುರು ಮಾಡಿದರು. ನನ್ನ ಆ್ಯಪ್‌ನ ತೊಂದರೆಯೂ ಆಗಲೇ ಶುರುವಾಯಿತು.

ಆ್ಯಪ್‌ಗೆ ಒಬ್ಬ ಆಟಗಾರ ಅಂದರೆ ಒಂದೇ ಜಾಗ. ಒಹ್ತಾನಿಯನ್ನು ಪಿಚರ್ ಎಂದು ಹಾಕಿದರೆ ಬ್ಯಾಟಿಂಗ್ ಸಾಲಿನಲ್ಲಿ ಅವರ ಪಕ್ಕ 1 ಎಂದು ಬರುತ್ತದೆ, ಅಲ್ಲಿಯವರೆಗೆ ಸರಿ. ಪಿಚರ್ ಬದಲಾಯಿಸಿದ ತಕ್ಷಣ ಅದು ಅವರನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತದೆ. ಅವರ ಜಾಗದಲ್ಲಿ ಯಾರು ಬ್ಯಾಟ್ ಮಾಡುತ್ತಾರೆ ಎಂದು ಕೇಳುತ್ತದೆ. ಉತ್ತರ ಕೊಡದೆ ಮುಂದಿನ ಚೆಂಡು ಬರೆಯಲು ಬಿಡುವುದಿಲ್ಲ. ಹೊರಗೆ ಹೋದವರನ್ನು ಮತ್ತೆ ಒಳಗೆ ತರುವಂತಿಲ್ಲ. ಇದಕ್ಕಿರುವ ಒಂದೇ ಉಪಾಯ ಅಂದರೆ ಅದೇ ಹೆಸರಿನಲ್ಲಿ ಇನ್ನೊಬ್ಬ ಆಟಗಾರನನ್ನು ಸೃಷ್ಟಿಸುವುದು. ಹಾಗೆ ಮಾಡಿದರೆ ವರ್ಷದ ಲೆಕ್ಕ ಎರಡು ಹೋಳಾಗುತ್ತದೆ. ತಾನೇ ಕೂಡುತ್ತದೆ ಎಂದು ತಾನೇ ಆ್ಯಪ್ ತಗೊಂಡಿದ್ದು?

ಸೀಸನ್ ಪೂರ್ತಿ ಇದನ್ನು ಹೇಗೋ ಸಹಿಸಿಕೊಂಡೆ. ಅಕ್ಟೋಬರ್ 17ರ ರಾತ್ರಿ ಸಾಧ್ಯವಾಗಲಿಲ್ಲ. ನ್ಯಾಷನಲ್ ಲೀಗ್ ಫೈನಲ್‌ನ ನಾಲ್ಕನೇ ಪಂದ್ಯ, ಎದುರಾಳಿ ಮಿಲ್ವಾಕೀ ಬ್ರೂವರ್ಸ್. ಒಹ್ತಾನಿ ಮೊದಲ ಬ್ಯಾಟರ್‌ಗೆ ವಾಕ್ (ನಾಲ್ಕು ತಪ್ಪು ಚೆಂಡಿಗೆ ಪುಕ್ಕಟೆ ಫಸ್ಟ್ ಬೇಸ್) ಕೊಟ್ಟರು, ಮುಂದಿನ ಮೂವರನ್ನೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದರು. ಆಮೇಲೆ ಬ್ಯಾಟ್ ಹಿಡಿದು ಬಂದು ಹೋಮ್ ರನ್ ಹೊಡೆದರು. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಇನ್ನೊಂದು, ಅದು ಹೋಗಿದ್ದು 469 ಅಡಿ. ಆರು ಇನ್ನಿಂಗ್ಸ್ ಒಂದೂ ರನ್ ಕೊಡದೆ, 10 ಸ್ಟ್ರೈಕ್‌ಔಟ್ ಮಾಡಿ, ಏಳನೆಯದರಲ್ಲಿ ಇಬ್ಬರು ಬೇಸ್ ಸೇರಿದ ಮೇಲೆ ಪಿಚಿಂಗ್ ಬಿಟ್ಟರು. ಅವರ ಬದಲು ಎಸೆಯಲು ಅಲೆಕ್ಸ್ ವೆಸಿಯಾ ಬಂದರು. ಆ್ಯಪ್ ತನ್ನ ಹಳೆ ಪ್ರಶ್ನೆ ಕೇಳಿತು. ಅದೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್ ಬ್ಯಾಟಿಂಗ್ ಸರದಿ ಬಂದಾಗ ಒಹ್ತಾನಿ ಮೂರನೇ ಹೋಮ್ ರನ್ ಹೊಡೆದರು.

ಬೇಸ್‌ಬಾಲ್ ಇತಿಹಾಸದಲ್ಲಿ ಒಬ್ಬ ಆಟಗಾರ ಒಂದು ರಾತ್ರಿಯಲ್ಲಿ ಇಷ್ಟು ಮಾಡಿದ್ದನ್ನು ಹುಡುಕುವುದೇ ಕಷ್ಟ. ಅಂಥ ಹೋಮ್ ರನ್ ಬರೆಯಲು ನನ್ನ ಆ್ಯಪ್‌ನಲ್ಲಿ ಜಾಗವೇ ಇರಲಿಲ್ಲ. ಚೆಂಡು ಗೋಡೆ ದಾಟುತ್ತಿದ್ದಾಗ ನಾನು ಮೆನು ಹುಡುಕುತ್ತಿದ್ದೆ. ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಬೇಜಾರಾಯಿತು. ಪುಸ್ತಕದಲ್ಲಾದರೆ ಇದಕ್ಕೆ ಏನು ಬೇಕು? ಬ್ಯಾಟಿಂಗ್ ಸಾಲಿನಲ್ಲಿ ಹೆಸರಿನ ಪಕ್ಕ 1 ಮತ್ತು ಡಿಎಚ್ ಎರಡನ್ನೂ ಬರೆಯುವುದು. ಪಿಚರ್ ಬದಲಾದಾಗ 1ಕ್ಕೆ ಒಂದು ಗೆರೆ ಎಳೆಯುವುದು. ಮುಗಿಯಿತು. ಆ ಪಂದ್ಯವನ್ನು ಆಮೇಲೆ ಮರುಪ್ರಸಾರ ನೋಡಿ ಪುಸ್ತಕಕ್ಕೆ ಮತ್ತೆ ಬರೆದೆ. ಇಡೀ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಪುಟ ಅದೇ.

ಪುಸ್ತಕಕ್ಕೂ ಒಂದು ಮಿತಿ ಇದೆ, ಅದು ಕಾಲಂಗಳದ್ದು. ನನ್ನ ಪುಸ್ತಕ ಹನ್ನೆರಡು ಇನ್ನಿಂಗ್ಸ್‌ಗೆ ನಿಲ್ಲುತ್ತದೆ. ಸಾಮಾನ್ಯ ಸೀಸನ್‌ನಲ್ಲಿ ಅಷ್ಟು ಧಾರಾಳ ಸಾಕು. ಒಂಬತ್ತರಲ್ಲಿ ಸಮವಾದರೆ ಹೆಚ್ಚುವರಿ ಇನ್ನಿಂಗ್ಸ್ ಆಡುತ್ತಾರೆ. 2020ರಿಂದ ಅವೆಲ್ಲವೂ ಸೆಕೆಂಡ್ ಬೇಸ್‌ನಲ್ಲಿ ಒಬ್ಬ ರನ್ನರ್ ಇಟ್ಟುಕೊಂಡೇ ಶುರುವಾಗುತ್ತವೆ, ಹಾಗಾಗಿ ಪಂದ್ಯ ಬೇಗ ಮುಗಿಯುತ್ತದೆ. ಆದರೆ ಪೋಸ್ಟ್‌ಸೀಸನ್‌ನಲ್ಲಿ, ಅಂದರೆ ಸೀಸನ್ ಮುಗಿದ ಮೇಲಿನ ನಾಕೌಟ್ ಘಟ್ಟದಲ್ಲಿ, ಆ ನಿಯಮ ಇಲ್ಲ. ಚಾಂಪಿಯನ್ ಯಾರೆಂದು ತೀರ್ಮಾನಿಸುವ 2025ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ, ಟೊರಾಂಟೊ ಬ್ಲೂ ಜೇಸ್ ವಿರುದ್ಧದ್ದು, 18 ಇನ್ನಿಂಗ್ಸ್ ನಡೆಯಿತು. 6 ಗಂಟೆ 39 ನಿಮಿಷ. ಒಹ್ತಾನಿ ಒಬ್ಬರೇ ಒಂಬತ್ತು ಸಲ ಬೇಸ್ ಸೇರಿದರು. ಕೊನೆಗೆ ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದು 6-5ಕ್ಕೆ ಮುಗಿಸಿದರು. ಕಾಲಂ ಮುಗಿದಾಗ ನಾನು ಪುಟ ತಿರುಗಿಸಿ, ಮೊದಲ ಕಾಲಂನ ಮೇಲೆ 13 ಎಂದು ಬರೆದು ಮುಂದುವರಿಸಿದೆ. ತೊಂದರೆ ಅಂದರೆ ಅಷ್ಟೇ.

ಇನ್ನು ಪ್ರಿಂಟ್ ಹಾಳೆ. ಕಾಲಂ ಎಷ್ಟು ಬೇಕೋ ಅಷ್ಟು, ಪಿಚರ್‌ಗಳ ಪಟ್ಟಿಗೆ ಜಾಗ ಎಷ್ಟು ಬೇಕೋ ಅಷ್ಟು. ಖರ್ಚು ಕಡಿಮೆ. ಗೆರೆ ಹಾಕುವುದೇ ಖುಷಿ ಅನ್ನುವವರಿಗೆ ಇದು ಸರಿ. ಬಿಡಿ ಹಾಳೆಗಳು ನನ್ನ ಹತ್ತಿರ ಉಳಿಯುವುದಿಲ್ಲ, ಅದಕ್ಕೇ ಬಿಟ್ಟೆ.

ಯಾವುದರಲ್ಲಿ ಬರೆಯುತ್ತೇವೆ ಎನ್ನುವಷ್ಟೇ ಮುಖ್ಯವಾದದ್ದು ಏನನ್ನು ಕೇಳುತ್ತಾ ಬರೆಯುತ್ತೇವೆ ಎನ್ನುವುದು. ಟೀವಿ ಚಿತ್ರ ಬೇಕೇ ಬೇಕು. ಆದರೆ ಟೀವಿಯ ಮಾತು ಸ್ಕೋರ್ ಬರೆಯುವವರಿಗೆ ಸಾಲದು. ಚಿತ್ರ ಕಾಣುತ್ತಿದೆಯಲ್ಲ ಎಂದು ಕಾಮೆಂಟೇಟರ್ ಎಷ್ಟೋ ವಿಷಯ ಬಿಡುತ್ತಾರೆ. ಚೆಂಡು ಹಿಡಿದದ್ದು ಸೆಕೆಂಡ್ ಬೇಸ್‌ಮ್ಯಾನಾ, ಜಾಗ ಬದಲಿಸಿ ಅಲ್ಲಿ ನಿಂತಿದ್ದ ಶಾರ್ಟ್‌ಸ್ಟಾಪಾ? ಹೇಳುವುದಿಲ್ಲ. ಆಟ ನಡೆಯುತ್ತಿರುವಾಗಲೇ ಯಾರದೋ ಸಂದರ್ಶನ ಶುರುವಾಗುತ್ತದೆ, ಮೈದಾನದ ಮಾತು ನಿಂತೇ ಹೋಗುತ್ತದೆ. ಎಂಟನೇ ಇನ್ನಿಂಗ್ಸ್‌ನಲ್ಲಿ ಲೆಫ್ಟ್ ಫೀಲ್ಡ್‌ಗೆ ಹೊಸಬರು ಬಂದದ್ದು ಚೆಂಡು ಅವರ ಕಡೆ ಹೋದಾಗಲೇ ಗೊತ್ತಾಗುತ್ತದೆ.

ರೇಡಿಯೋ ಹಾಗಲ್ಲ. ಅಲ್ಲಿ ಕಾಣದವರಿಗೆ ಹೇಳುವುದೇ ಕೆಲಸ. ಮೇಜರ್ ಲೀಗ್ ಪಂದ್ಯ ರೇಡಿಯೋದಲ್ಲಿ ಮೊದಲು ಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ. ಟೀವಿಯಲ್ಲಿ ಬಂದದ್ದು 1939ರ ಆಗಸ್ಟ್ 26ರಂದು, ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಿಂದ. ರೇಡಿಯೋಗೆ ಹದಿನೆಂಟು ವರ್ಷ ಜಾಸ್ತಿ ಅನುಭವ. ಆ ಪಳಗಿದ ಕ್ರಮ ಇವತ್ತಿಗೂ ಕಿವಿಗೆ ಬೀಳುತ್ತದೆ. ಡಾಡ್ಜರ್ಸ್‌ಗೆ 1950ರಿಂದ 2016ರವರೆಗೆ, 67 ಸೀಸನ್, ಮಾತಾಡಿದ ವಿನ್ ಸ್ಕಲ್ಲಿ ಟೀವಿಯಲ್ಲೂ ರೇಡಿಯೋದವರ ಹಾಗೆ ಎಲ್ಲ ವಿವರ ಹೇಳುತ್ತಿದ್ದರು. ಅವರ ಹಳೆಯ ಪಂದ್ಯಗಳನ್ನು ಕೇಳುತ್ತಾ ಸ್ಕೋರ್ ಬರೆದರೆ ಚಿತ್ರ ನೋಡುವ ಅಗತ್ಯವೇ ಬೀಳುವುದಿಲ್ಲ.

ಹಾಗಾಗಿ ಟೀವಿಯ ಸದ್ದು ತೆಗೆದು ರೇಡಿಯೋ ಹಾಕಿಕೊಳ್ಳುತ್ತೇನೆ. ಎರಡೂ ಒಟ್ಟಿಗೆ ಬರುವುದಿಲ್ಲ. ನನ್ನಲ್ಲಿ ರೇಡಿಯೋ ಮುಂದೆ, ಚಿತ್ರ ಹಿಂದೆ. ಮೊದಲ ಚೆಂಡಿನ ಹೊತ್ತಿಗೆ ರೇಡಿಯೋ ಸ್ಟ್ರೀಮ್ ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬ್ಯಾಟ್‌ಗೆ ಚೆಂಡು ತಾಗುವುದನ್ನು ನೋಡಿ ಹೊಂದಿಸಿಕೊಂಡರೆ ಸರಿಹೋಗುತ್ತದೆ. ಫೋನಿನ ನೋಟಿಫಿಕೇಶನ್ ಮಾತ್ರ ಆಫ್ ಇರಲಿ. ಇಲ್ಲದಿದ್ದರೆ ಹೋಮ್ ರನ್ ಸುದ್ದಿ ಎರಡಕ್ಕಿಂತ ಮೊದಲೇ ಬರುತ್ತದೆ. ಆ್ಯಪ್ ಬಳಸುವಾಗ ಫೋನ್ ಕೈಯಲ್ಲೇ ಇರಬೇಕಾದ್ದರಿಂದ ಈ ಕಾಟ ಇನ್ನೂ ಜಾಸ್ತಿ.

ಪಿಚ್ ಕ್ಲಾಕ್ ಬಂದ ಮೇಲೆ ವೇಗವೂ ಮುಖ್ಯ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ರನ್ನರ್ ಇದ್ದರೆ 18 ಸೆಕೆಂಡ್ ಒಳಗೆ ಪಿಚರ್ ಎಸೆಯಲು ಶುರು ಮಾಡಬೇಕು. ಒಂಬತ್ತು ಇನ್ನಿಂಗ್ಸ್ ಪಂದ್ಯದ ಸರಾಸರಿ ಸಮಯ 2022ರಲ್ಲಿ 3 ಗಂಟೆ 4 ನಿಮಿಷ ಇದ್ದದ್ದು 2023ರಲ್ಲಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ನೋಡುವವರಿಗೆ ಒಳ್ಳೆಯದೇ, ನನಗೂ ಇಷ್ಟ. ಆದರೆ ಆ್ಯಪ್‌ನಲ್ಲಿ ಪ್ರತಿ ಚೆಂಡಿಗೂ ಒತ್ತಬೇಕು, ಕಣ್ಣು ಕೆಳಗೇ ಇರುತ್ತದೆ. ರನ್ನರ್ ಎರಡು ಬೇಸ್‌ಗಳ ನಡುವೆ ಸಿಕ್ಕಿಕೊಂಡು 1-3-6-3 ಎಂದು ಚೆಂಡು ಓಡಾಡಿದರೆ ಅಷ್ಟನ್ನೂ ಒತ್ತುವಷ್ಟರಲ್ಲಿ ಮುಂದಿನ ಚೆಂಡು ಬಂದಾಗಿರುತ್ತದೆ. ಪೆನ್ಸಿಲ್‌ನಲ್ಲಿ ನಾಲ್ಕು ಅಂಕಿ ಬರೆಯಲು ಕಣ್ಣನ್ನೂ ಪೂರ್ತಿ ಇಳಿಸಬೇಕಿಲ್ಲ.

ಕಾಗದ ಉಳಿಯುತ್ತದೆ ಎನ್ನುವುದೂ ನನಗೆ ದೊಡ್ಡ ವಿಷಯ. 1989ರಲ್ಲಿ ಡೇವಿಡ್ ಸ್ಮಿತ್ ಶುರು ಮಾಡಿದ ರೆಟ್ರೋಶೀಟ್ ಎಂಬ ಸಂಸ್ಥೆ ಹಳೆಯ ಪಂದ್ಯಗಳನ್ನು ಒಬ್ಬೊಬ್ಬ ಬ್ಯಾಟರ್‌ಗೆ ಏನಾಯಿತು ಎನ್ನುವ ಮಟ್ಟಕ್ಕೆ ಮರಳಿ ಕಟ್ಟುತ್ತಾ ಬಂದಿದೆ. ಅದಕ್ಕೆ ನೆರವಾದದ್ದು ತಂಡಗಳು, ಪತ್ರಕರ್ತರು, ಅಭಿಮಾನಿಗಳು ಬರೆದಿಟ್ಟ ಸ್ಕೋರ್‌ಶೀಟ್‌ಗಳು. ಚಂದಾ ಮುಗಿದ ಮೇಲೆ ನನ್ನ ಆ್ಯಪ್ ನನ್ನದೇ ಪಂದ್ಯಗಳನ್ನು ತೋರಿಸುವುದಿಲ್ಲ.

ಮಕ್ಕಳ ತಂಡಕ್ಕೆ ಕೋಚ್ ಆಗಿದ್ದು, ಪ್ರತಿಯೊಬ್ಬರ ಸರಾಸರಿ ವಾರ ವಾರ ಬೇಕು ಅನ್ನುವವರು ಆ್ಯಪ್ ತಗೊಳ್ಳಿ. ಅಲ್ಲಿ ಅದರ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುತ್ತದೆ. ಸಂಜೆ ಟೀವಿ ಮುಂದೆ ಕೂತು ಒಂದು ತಂಡವನ್ನು ಪ್ರೀತಿಯಿಂದ ಹಿಂಬಾಲಿಸುವವರು ಪುಸ್ತಕ ತಗೊಳ್ಳಿ. ಆ್ಯಪ್‌ನ ಒಂದು ವರ್ಷದ ಚಂದಾದಲ್ಲಿ ನನಗೆ ಹಲವು ಸೀಸನ್‌ಗೆ ಆಗುವಷ್ಟು ಪುಸ್ತಕ ಬರುತ್ತದೆ. ಹಾಳೆ ದಪ್ಪ ಇರುವುದನ್ನೇ ಆರಿಸಿ, ರಬ್ಬರ್ ಹಾಕಿದರೆ ಹರಿಯಬಾರದು. 0.5 ಮೆಕ್ಯಾನಿಕಲ್ ಪೆನ್ಸಿಲ್ ಸಾಕು.

2026ರ ಸೀಸನ್‌ಗೆ ಇನ್ನೊಂದು ಹೊಸ ನಿಯಮ ಇದೆ. ಬಾಲ್ ಮತ್ತು ಸ್ಟ್ರೈಕ್ ತೀರ್ಪನ್ನು, ಅಂದರೆ ಚೆಂಡು ಹೊಡೆಯಬಹುದಾದ ಜಾಗದ ಹೊರಗೆ ಬಂತೇ ಒಳಗೆ ಬಂತೇ ಎಂಬ ಅಂಪೈರ್ ತೀರ್ಪನ್ನು, ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ ತಲೆ ಮುಟ್ಟಿ ಪ್ರಶ್ನಿಸಬಹುದು. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತದೆ. ಇದನ್ನು ಎಲ್ಲಿ ಬರೆಯುವುದು ಎಂದು ಯಾವ ಅಚ್ಚಿನ ಪುಟವೂ ಹೇಳುವುದಿಲ್ಲ. ನಾನು ಚೌಕದ ಬಲ ಮೂಲೆಯಲ್ಲಿ ಸಣ್ಣ ತ್ರಿಕೋನ ಹಾಕುತ್ತೇನೆ. ತೀರ್ಪು ಬದಲಾದರೆ ತ್ರಿಕೋನ ತುಂಬುತ್ತೇನೆ, ಇಲ್ಲದಿದ್ದರೆ ಖಾಲಿ ಬಿಡುತ್ತೇನೆ.