ಕಣ್ಣಿಲ್ಲದ ಸುಳಿಗಾಳಿಯ ಹಿಂದೆ: ಮಾದರಿ, ಉಪಗ್ರಹ, ಮುಳ್ಳು

2025ರ ಮೇ ಮೂರನೇ ವಾರ. ಅರಬ್ಬೀ ಸಮುದ್ರದಲ್ಲಿ ನಮ್ಮ ಕರಾವಳಿಯಾಚೆ ಒಂದು ಸುಳಿಗಾಳಿ ಎದ್ದಿತ್ತು. ಅದಕ್ಕೆ ಹೆಸರಿರಲಿಲ್ಲ, ಬಲವಾದ ಚಂಡಮಾರುತದ ನಡುವೆ ಕಾಣುವ ಮೋಡವಿಲ್ಲದ ‘ಕಣ್ಣು’ ಇರಲಿಲ್ಲ, ಕೇಂದ್ರ ಇಂಥಲ್ಲೇ ಇದೆ ಎಂದು ಬೊಟ್ಟು ಮಾಡುವಂತೆಯೂ ಇರಲಿಲ್ಲ. ಜೂನ್ 1ರಿಂದ ಮೀನುಗಾರಿಕೆ ನಿಷೇಧ. ಅದಕ್ಕೆ ಮುನ್ನ ಇನ್ನೊಂದು ಸಲ ಹೋಗಿಬರಬೇಕೆಂಬ ಆಸೆ ಗಂಗೊಳ್ಳಿಯ ಬೋಟಿನವರಿಗೆ. ‘ಇದು ಚಂಡಮಾರುತ ಆಗುತ್ತದಾ?’ ಎಂದು ಪಕ್ಕದ ಮನೆಯ ಅಣ್ಣ ದಿನವೂ ಕೇಳುತ್ತಿದ್ದರು. ಹವ್ಯಾಸಕ್ಕೆ ಹವಾಮಾನ ನೋಡುವ ನಾನು ಆ ವಾರವಿಡೀ ಇದನ್ನು ತಿಳಿಯುವ ಎಲ್ಲ ದಾರಿಗಳನ್ನೂ ಒಟ್ಟಿಗೆ ಪರೀಕ್ಷಿಸಿದೆ.

ಮೊದಲು ಕಂಪ್ಯೂಟರ್ ಮಾದರಿಗಳು, ಅಂದರೆ ಇಂದಿನ ಅಳತೆಗಳಿಂದ ಮುಂದಿನ ಹವಾಮಾನವನ್ನು ಲೆಕ್ಕ ಹಾಕುವ ತಂತ್ರಾಂಶಗಳು. ಅಮೆರಿಕದ ಜಿಎಫ್‌ಎಸ್ ಆರು ಗಂಟೆಗೊಮ್ಮೆ ಹೊಸ ಲೆಕ್ಕ ಹಾಕಿ 16 ದಿನಗಳಷ್ಟು ಮುಂದಿನದನ್ನು ತೋರಿಸುತ್ತದೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಭೂಮಿಯನ್ನು ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ನಾಲ್ಕೈದು ದಿನಗಳ ಮುನ್ನೋಟಕ್ಕೆ ನನ್ನ ಒಲವು ಯುರೋಪಿನದರ ಕಡೆಗೇ. ಆದರೆ ದುರ್ಬಲ ಸುಳಿಯ ವಿಷಯದಲ್ಲಿ ಎರಡಕ್ಕೂ ಒಂದೇ ತೊಡಕು: ನಡುಸಮುದ್ರದಲ್ಲಿ ಅಳತೆಗಳು ವಿರಳ, ಕೇಂದ್ರವೇ ಗಟ್ಟಿಯಾಗದಾಗ ಲೆಕ್ಕ ಎಲ್ಲಿಂದ ಶುರುವಾಗಬೇಕು? ಹಾಗಾಗಿ ಸತತ ಮೂರು ಲೆಕ್ಕಗಳಲ್ಲಿ ಎರಡೂ ಒಂದೇ ಮಾತು ಹೇಳುವವರೆಗೆ ನಾನು ಯಾರಿಗೂ ಏನನ್ನೂ ಹೇಳುವುದಿಲ್ಲ. ಹತ್ತು ದಿನಗಳಾಚೆಯ ಚಂಡಮಾರುತದ ಚಿತ್ರವನ್ನು ವಾಟ್ಸಾಪ್‌ನಲ್ಲಿ ಹಂಚಿ ಜನರನ್ನು ಹೆದರಿಸುವುದು ತಪ್ಪು.

ಎರಡನೆಯದು ಉಪಗ್ರಹ. ನಮ್ಮ ದೇಶದ ಇನ್ಸಾಟ್ ಉಪಗ್ರಹಗಳ ಚಿತ್ರಗಳು ಅರ್ಧ ಗಂಟೆಗೊಮ್ಮೆ ಬರುತ್ತವೆ, ಈಗ ಏನಿದೆಯೋ ಅದನ್ನೇ ತೋರಿಸುತ್ತವೆ. ಒಂದು ಎಚ್ಚರಿಕೆ ಬೇಕು. ಬಿಸಿ-ತಂಪನ್ನು ಅಳೆಯುವ ಇನ್‌ಫ್ರಾರೆಡ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವುದು ಎತ್ತರದ, ತಣ್ಣಗಿನ ಮೋಡದ ನೆತ್ತಿ. ಮೇಲಿನ ಗಾಳಿ ಅದನ್ನು ಪಕ್ಕಕ್ಕೆ ತಳ್ಳಿದರೆ ಬಿಳಿ ರಾಶಿ ಒಂದು ಕಡೆ, ಕೆಳಗಿನ ಸುಳಿ ಇನ್ನೊಂದು ಕಡೆ. ಹಗಲಿನ ಸಾಮಾನ್ಯ ಚಿತ್ರದಲ್ಲಿ ತಗ್ಗಿನ ಸಣ್ಣ ಮೋಡಗಳ ಸಾಲು ಎತ್ತ ಬಾಗಿದೆ ಎಂದು ನೋಡಿದರೆ ಸುಳಿವು ಸಿಗುತ್ತದೆ.

ನನಗೆ ಹೆಚ್ಚು ಕಲಿಸಿದ್ದು ಜಗಲಿಯ ಗೋಡೆಯಲ್ಲಿರುವ ವಾಯುಭಾರ ಮಾಪಕ. ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮುಳ್ಳು ಕೂದಲೆಳೆಯಷ್ಟು ಸರಿದು ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ವಾಯುಭಾರಕ್ಕೂ ಉಬ್ಬರವಿಳಿತವಿದೆ: ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿತ. ಹಗಲಿನಲ್ಲೇ ಮೂರು ಹೆಕ್ಟೋಪಾಸ್ಕಲ್‌ನಷ್ಟು ವ್ಯತ್ಯಾಸವಾಗುತ್ತದೆ (ಹೆಕ್ಟೋಪಾಸ್ಕಲ್ ಎಂದರೆ ವಾಯುಭಾರವನ್ನು ಅಳೆಯುವ ಮಾನ). ಇದು ತಿಳಿಯದ ವರ್ಷಗಳಲ್ಲಿ ಪ್ರತಿ ಸಂಜೆಯೂ ಏನೋ ಬರುತ್ತಿದೆ ಎಂದು ಭಾವಿಸುತ್ತಿದ್ದೆ. ಹೋಲಿಸಬೇಕಾದದ್ದು ಇಂದಿನ ನಾಲ್ಕು ಗಂಟೆಯನ್ನು ನಿನ್ನೆಯ ನಾಲ್ಕು ಗಂಟೆಯೊಂದಿಗೆ. ಆ ವಾರ ನನ್ನ ಪುಸ್ತಕದಲ್ಲಿ ಸಾಲಾಗಿ 1005, 1004, 1003, 1001 ಎಂದಿದೆ. ಮುಳ್ಳು ದಿಕ್ಕು ಹೇಳಲಿಲ್ಲ, ಮಳೆಯ ಪ್ರಮಾಣ ಹೇಳಲಿಲ್ಲ. ಆದರೆ ಕುಸಿತ ನಿಜ, ಹತ್ತಿರದಲ್ಲೇ ಇದೆ ಎಂಬುದನ್ನು ಹೇಳಿತು.

ದೋಣಿ ಬಿಡುವ ಮಾತಿಗೆ ಮಾತ್ರ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಯೇ ಕೊನೆ. ಗಂಟೆಗೆ 31 ಕಿಲೋಮೀಟರಿಗಿಂತ ಕಡಿಮೆ ಗಾಳಿಯಿದ್ದರೆ ಅದು ಬರೀ ವಾಯುಭಾರ ಕುಸಿತ, 31ರಿಂದ 50 ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, 62 ದಾಟಿದರೆ ಮಾತ್ರ ಚಂಡಮಾರುತ. ನಮ್ಮ ಸುಳಿ ಮೇ 24ರಂದು ಎರಡನೇ ಮೆಟ್ಟಿಲೇರಿ, ಅಂದೇ ಮಹಾರಾಷ್ಟ್ರದ ರತ್ನಾಗಿರಿ ಮತ್ತು ದಾಪೋಲಿ ನಡುವೆ ನೆಲ ಸೇರಿತು. ಮುಂಗಾರು ಕೇರಳ ಮುಟ್ಟಿದ್ದೂ ಅದೇ ದಿನ, ವಾಡಿಕೆಗಿಂತ ಎಂಟು ದಿನ ಮೊದಲು.

ಚಂಡಮಾರುತ ಆಗಲೇ ಇಲ್ಲ. ಆದರೂ ಕರಾವಳಿಯಲ್ಲಿ 20ರಿಂದಲೇ ಮಳೆ ಸುರಿದಿತ್ತು, ಕಡಲು ಕದಡಿತ್ತು. 22ರ ಸಂಜೆ ಅಣ್ಣ ಬಂದಾಗ ಅವರ ಪ್ರಶ್ನೆಗೆ ‘ಆಗದಿರಬಹುದು, ಆದರೂ ಹೋಗಬೇಡಿ’ ಎಂದೆ. ಪುಸ್ತಕದ ನಾಲ್ಕು ಗಂಟೆಯ ಸಾಲನ್ನು ಬೆರಳಿಟ್ಟು ಓದಿದರು, ಮೊಬೈಲಿನಲ್ಲಿ ಮೀನುಗಾರರ ಎಚ್ಚರಿಕೆಯನ್ನು ಇನ್ನೊಮ್ಮೆ ನೋಡಿದರು, ಬೋಟಿಗೆ ಎರಡನೇ ಹಗ್ಗ ಕಟ್ಟಲು ಬಂದರಿಗೆ ಹೊರಟರು.