ಭಾನುವಾರದ ತರಗತಿಯಲ್ಲಿ ಎರಡು ಕೊರಿಯಾ: ಕಲಬುರಗಿಯ ತರಬೇತಿ ಕೇಂದ್ರವೊಂದರ ವಿಮರ್ಶೆ

ಕಲಬುರಗಿಯ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರವೊಂದು ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗಾಗಿ ಭಾನುವಾರಗಳಂದು ಅಂತರರಾಷ್ಟ್ರೀಯ ಸಂಬಂಧಗಳ ತರಗತಿ ನಡೆಸುತ್ತಿದೆ. ದೋಷಗಳನ್ನೂ ಬರೆಯಬೇಕಾಗಿರುವುದರಿಂದ ಕೇಂದ್ರದ ಹೆಸರನ್ನು ಬಿಟ್ಟಿದ್ದೇನೆ. ಅಲ್ಲಿ ಕೇಳಿದ ಪಾಠಗಳಲ್ಲಿ ಕೊರಿಯಾದ ಘಟಕವೇ ಉತ್ತಮವಾದದ್ದು. ಆದರೆ ಅದರೊಂದಿಗೆ ಪ್ರತ್ಯೇಕ ಬೆಲೆಗೆ ಮಾರುವ ಮುದ್ರಿತ ಪುಸ್ತಿಕೆ ಆ ಪಾಠದ ಮಟ್ಟಕ್ಕೆ ಏರಿಲ್ಲ.

ಬೋಧಕರು ಹಲಗೆಯ ಮೇಲೆ ಪರ್ಯಾಯ ದ್ವೀಪದ ನಕ್ಷೆ ಬರೆದು, 1945ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಪ್ಪಿಕೊಂಡ 38ನೇ ಅಕ್ಷಾಂಶವನ್ನು ನೇರ ಗೆರೆಯಾಗಿ ಎಳೆದರು. ಅದರ ಮೇಲೆ ಕೆಂಪು ಸೀಮೆಸುಣ್ಣದಿಂದ 1953ರ ಜುಲೈ 27ರ ಕದನವಿರಾಮದ ಗೆರೆಯನ್ನು ಓರೆಯಾಗಿ ಎಳೆದಾಗ, ಯುದ್ಧಕ್ಕೆ ಮುಂಚೆ ದಕ್ಷಿಣದಲ್ಲಿದ್ದ ಕೇಸಾಂಗ್ ಪಟ್ಟಣ ಉತ್ತರದ ಪಾಲಾದದ್ದು ಹೇಳದೆಯೇ ತಿಳಿಯಿತು. ಮುಂದಿನ ಪಾಠವೆಲ್ಲ ಆ ಪಟ್ಟಣದ ಸುತ್ತಲೇ ನಡೆಯಿತು. 2000ದ ಜೂನ್‌ನಲ್ಲಿ ದಕ್ಷಿಣದ ಅಧ್ಯಕ್ಷ ಕಿಮ್ ಡೇ ಜಂಗ್ ಮತ್ತು ಉತ್ತರದ ನಾಯಕ ಕಿಮ್ ಜಾಂಗ್ ಇಲ್ ಪ್ಯೋಂಗ್ಯಾಂಗ್‌ನಲ್ಲಿ ಭೇಟಿಯಾದ ಬಳಿಕ ರೂಪುಗೊಂಡ ಕೇಸಾಂಗ್ ಕೈಗಾರಿಕಾ ವಲಯದಲ್ಲಿ 2004ರ ಕೊನೆಗೆ ಉತ್ಪಾದನೆ ಆರಂಭವಾಯಿತು. ಅದು ಉಚ್ಛ್ರಾಯದಲ್ಲಿದ್ದಾಗ ದಕ್ಷಿಣದ 120ಕ್ಕೂ ಹೆಚ್ಚು ಕಂಪನಿಗಳಲ್ಲಿ ಉತ್ತರದ 50,000ಕ್ಕೂ ಹೆಚ್ಚು ಕಾರ್ಮಿಕರು ದುಡಿಯುತ್ತಿದ್ದರು. ವೇತನ ನೇರವಾಗಿ ಕಾರ್ಮಿಕರ ಕೈಗೆ ಹೋಗದೆ ಉತ್ತರದ ಸರ್ಕಾರದ ಮೂಲಕ ಹೋಗುತ್ತಿತ್ತೆಂಬುದನ್ನೂ ಬೋಧಕರು ಮುಚ್ಚಿಡಲಿಲ್ಲ. 2010ರಲ್ಲಿ ದಕ್ಷಿಣದ ಯೋನ್‌ಪ್ಯೋಂಗ್ ದ್ವೀಪದ ಮೇಲೆ ಉತ್ತರ ಫಿರಂಗಿ ದಾಳಿ ನಡೆಸಿದಾಗಲೂ ಬಾಗಿಲು ಮುಚ್ಚದ ಆ ವಲಯವನ್ನು, ಉತ್ತರದ ಅಣುಪರೀಕ್ಷೆ ಮತ್ತು ರಾಕೆಟ್ ಉಡಾವಣೆಯ ನಂತರ 2016ರ ಫೆಬ್ರವರಿಯಲ್ಲಿ ದಕ್ಷಿಣವೇ ನಿಲ್ಲಿಸಿತು. ಸಹಕಾರ ಎಲ್ಲಿಯವರೆಗೆ ತಡೆದುಕೊಳ್ಳುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಇಷ್ಟು ನಿಧಾನವಾಗಿ ಬಿಡಿಸಿ ಹೇಳುವ ತಾಳ್ಮೆ ಪರೀಕ್ಷಾ ತರಬೇತಿಯಲ್ಲಿ ಅಪರೂಪ.

ಪುಸ್ತಿಕೆಯ ಮಾತು ಬೇರೆ. ಎರಡೂ ಕೊರಿಯಾಗಳ ನಡುವಣ 1972ರ ಜುಲೈ 4ರ ಜಂಟಿ ಹೇಳಿಕೆ, 1991ರ ಡಿಸೆಂಬರ್‌ನ ಮೂಲ ಒಪ್ಪಂದ, 2007ರ ಶೃಂಗಸಭೆ ಎಲ್ಲವೂ ಅದರಲ್ಲಿವೆ. ಅವು ಏಕೆ ಆ ಹೊತ್ತಿಗೇ ಸಾಧ್ಯವಾದವು, ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಒಂದು ಸಾಲೂ ಇಲ್ಲ. 2018ರಲ್ಲಿ ಗಡಿಯ ಪನ್‌ಮುನ್‌ಜೋಮ್‌ನಲ್ಲಿ ನಡೆದ ಎರಡೂ ಕೊರಿಯಾಗಳ ನಾಯಕರ ಭೇಟಿಯ ಮೇಜಿನ ಅಗಲ 2018 ಮಿಲಿಮೀಟರ್ ಎಂಬ ವಿವರಕ್ಕೆ ಮಾತ್ರ ಚೌಕಟ್ಟು ಹಾಕಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪೆಂದರೆ, 1953ರಲ್ಲಿ ಶಾಂತಿ ಒಪ್ಪಂದವಾಗಿ ಯುದ್ಧ ಮುಗಿಯಿತೆಂದು ಬರೆದಿರುವುದು. ಅಂಥ ಒಪ್ಪಂದ ಇಂದಿಗೂ ಆಗಿಲ್ಲ. ಆದ ಕದನವಿರಾಮಕ್ಕೂ ದಕ್ಷಿಣ ಕೊರಿಯಾ ಸಹಿ ಹಾಕಲಿಲ್ಲ. 1947ರ ನವೆಂಬರ್‌ನಲ್ಲಿ ನಿಜಾಮರು ಭಾರತದೊಂದಿಗೆ ಮಾಡಿಕೊಂಡ ಯಥಾಸ್ಥಿತಿ ಒಪ್ಪಂದ ಏನನ್ನೂ ಇತ್ಯರ್ಥಗೊಳಿಸಲಿಲ್ಲವೆಂದು ಬಲ್ಲ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವನ್ನು ವಿವರಿಸಲು ಎರಡು ವಾಕ್ಯ ಸಾಕಾಗಿತ್ತು. ಪ್ರಾಸಂಗಿಕವಾಗಿ, ಎರಡೂ ಕೊರಿಯಾಗಳು ವಿಶ್ವಸಂಸ್ಥೆ ಸೇರಿದ್ದು 1991ರ ಸೆಪ್ಟೆಂಬರ್ 17ರಂದು. ಸೆಪ್ಟೆಂಬರ್ 17ರಂದೇ ವಿಮೋಚನಾ ದಿನ ಆಚರಿಸುವ ಕಲ್ಯಾಣ ಕರ್ನಾಟಕದವರು ಆ ದಿನಾಂಕವನ್ನು ಮರೆಯುವ ಪ್ರಶ್ನೆಯೇ ಇಲ್ಲ.

ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರ ಹೆಸರು ತರಗತಿಯಲ್ಲಾಗಲಿ ಪುಸ್ತಿಕೆಯಲ್ಲಾಗಲಿ ಬರಲಿಲ್ಲ. ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯ ನಿರ್ಧರಿಸಬೇಕಿದ್ದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದರು. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ, ಆ ಕೈದಿಗಳನ್ನು ಕಾಯಲು ಬಂದ ಭಾರತೀಯ ಪಡೆ ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದಿದ್ದರಿಂದ ಸೈನಿಕರನ್ನು ಹೆಲಿಕಾಪ್ಟರ್‌ಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಕನ್ನಡದಲ್ಲಿ ಪಾಠ ಮಾಡುವವರು ಇದನ್ನು ಬಿಟ್ಟಿದ್ದು ನನಗೆ ಸರಿ ಕಾಣಲಿಲ್ಲ.

ಪುಸ್ತಿಕೆ 2018ಕ್ಕೇ ನಿಂತುಬಿಟ್ಟಿದೆ. ಅಮೆರಿಕ ಮತ್ತು ಉತ್ತರ ಕೊರಿಯಾ ನಡುವಣ 2019ರ ಹನೋಯಿ ಮಾತುಕತೆಯ ವೈಫಲ್ಯ, ಕೇಸಾಂಗ್‌ನ ಜಂಟಿ ಸಂಪರ್ಕ ಕಚೇರಿಯನ್ನು ಉತ್ತರ 2020ರ ಜೂನ್ 16ರಂದು ಸ್ಫೋಟಿಸಿದ್ದು, 2024ರ ಅಕ್ಟೋಬರ್‌ನಲ್ಲಿ ಗಡಿಯ ರಸ್ತೆಗಳನ್ನು ಒಡೆದದ್ದು ಇವಾವುವೂ ಅದರಲ್ಲಿ ಇಲ್ಲ. ಹೊಸ ಆವೃತ್ತಿ ಬರುವವರೆಗೆ ಅಭ್ಯರ್ಥಿಗಳು ತರಗತಿಗಷ್ಟೇ ಶುಲ್ಕ ಕಟ್ಟಿ, ಹಲಗೆಯ ಮೇಲಿನದನ್ನು ತಾವೇ ಬರೆದುಕೊಳ್ಳುವುದು ಒಳಿತು. ಪುಸ್ತಿಕೆ ಬೇಡವೆಂದರೆ ಕಚೇರಿಯವರು ಒತ್ತಾಯಿಸುವುದಿಲ್ಲ.