ಮೌಸ್ ಪಕ್ಕಕ್ಕಿಟ್ಟು ಪೆನ್ ಟ್ಯಾಬ್ಲೆಟ್ ಹಿಡಿದ ಮೂರು ತಿಂಗಳು

ನಾನು ರೇಡಿಯೋಥೆರಪಿ, ಅಂದರೆ ಕ್ಯಾನ್ಸರಿಗೆ ವಿಕಿರಣ ಕೊಡುವ ಡಾಕ್ಟರು, ಊರು ಹಾಸನ. ದಿನದ ಅರ್ಧ ಕೆಲಸ, ವಿಕಿರಣ ಎಲ್ಲಿ ಬೀಳಬೇಕು, ಎಲ್ಲಿ ತಪ್ಪಿಸಬೇಕು ಅಂತ ಕಂಪ್ಯೂಟರಿನಲ್ಲಿ ಸಿಟಿ ಸ್ಕ್ಯಾನ್ ಮೇಲೆ ಗೆರೆ ಎಳೆಯುವುದು. ಗಡ್ಡೆ, ಬೆನ್ನುಹುರಿ, ಜೊಲ್ಲಿನ ಗ್ರಂಥಿ, ಎಲ್ಲಕ್ಕೂ ಅದು ಕಾಣುವ ಪ್ರತಿ ಸ್ಲೈಸಿನಲ್ಲೂ (ಸ್ಕ್ಯಾನಿನ ಒಂದೊಂದು ಅಡ್ಡ ಪದರದ ಚಿತ್ರ) ಸುತ್ತು ಹಾಕಬೇಕು. ತಲೆ-ಕುತ್ತಿಗೆ ಕೇಸಿನಲ್ಲಿ 3 ಮಿಲಿಮೀಟರಿಗೊಂದು ಸ್ಲೈಸ್ ಅಂದರೂ ಸುಮಾರು 100 ಆಗುತ್ತವೆ. ಮೌಸ್ ಹಿಡಿದು ಹಿಡಿದು ಮಣಿಕಟ್ಟು ನೋಯತೊಡಗಿತು. ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಪೆನ್ ಟ್ಯಾಬ್ಲೆಟ್ ಕೊಂಡೆ, ಹಲಗೆ ಮೇಲೆ ಪೆನ್ನಾಡಿಸಿದರೆ ಗೆರೆ ಕಂಪ್ಯೂಟರ್ ಪರದೆಯಲ್ಲಿ ಮೂಡುತ್ತದೆ. "ಡಿಸೈನ್ ಕೆಲಸಾನಾ ಸರ್?" ಅಂದ ಹುಡುಗ. ಒಂಥರಾ ಅದೇ ಅಂದೆ.

ಮೊದಲ ವಾರ ಕಣ್ಣು ಪರದೆ ಮೇಲೆ, ಕೈ ಇನ್ನೆಲ್ಲೋ. ದುಂಡಗೆ ಎಳೆದರೆ ಮೊಟ್ಟೆ ಆಗುತ್ತಿತ್ತು! ತಪ್ಪು ನನ್ನದೇ. ಟ್ಯಾಬ್ಲೆಟ್ಟನ್ನು ಎರಡು ಮಾನಿಟರಿಗೂ ಹರಡಿಬಿಟ್ಟಿದ್ದೆ. ಸೆಟ್ಟಿಂಗಿನಲ್ಲಿ ಒಂದೇ ಪರದೆಗೆ ಕೂರಿಸಿ, ಉದ್ದ-ಅಗಲದ ಲೆಕ್ಕ ಹೊಂದಿಸಿದ ಮೇಲೆ ಸರಿಹೋಯಿತು.

ಈಗ ಪರೋಟಿಡ್‌ನಂಥ (ಕಿವಿ ಹತ್ತಿರದ ಜೊಲ್ಲಿನ ಗ್ರಂಥಿ) ಅಂಕುಡೊಂಕು ಗ್ರಂಥಿಯನ್ನು ಒಂದೇ ಬೀಸಿನಲ್ಲಿ ಸುತ್ತುತ್ತೇನೆ. ಮೌಸಿನಲ್ಲಾದರೆ ಎಳೆದು, ಅಳಿಸಿ, ಮತ್ತೆ ಎಳೆಯಬೇಕಿತ್ತು. ಆದರೆ ಗೆರೆ ನುಣುಪಾದ ಮಾತ್ರಕ್ಕೆ ಸರಿ ಅಂತ ಅಲ್ಲ. ಗಡ್ಡೆಯ ಅಂಚು ಯಾವುದು ಅಂತ ಪೆನ್ನು ಹೇಳುವುದಿಲ್ಲ, ಅಲ್ವಾ?

ಬೆನ್ನುಹುರಿಗೆ ಈಗಲೂ ಮೌಸೇ ಸಾಕು. ಗುಂಡು ಬ್ರಷ್ ಇಟ್ಟು ಒತ್ತಿದರೆ ಮುಗಿಯಿತು. ನನ್ನ ಪೆನ್ನಿಗೆ ಚಾರ್ಜ್ ಬೇಡ, ಅದು ಸುಖ. ಮೌಸಿನ ಹಾಗೆ ಚಕ್ರ ಇಲ್ಲ, ಅದೇ ಗೋಳು. ಸ್ಲೈಸ್ ಬದಲಿಸಲು ಎಡಗೈಯಲ್ಲಿ ಮೌಸ್ ಇದ್ದೇ ಇದೆ. ಮಣಿಕಟ್ಟಿನ ನೋವು ಕಡಿಮೆಯಾಗಿದೆ. ಪೆನ್ನಿನ ತುದಿ ಮಾತ್ರ ಆಗಲೇ ಸವೆದಿದೆ, ಹೊಸದು ತರಬೇಕು.